ಒಣಬಾವಿ ಚರಂಡಿಯಲ್ಲ: ಹ್ಯಾನ್‌ಫರ್ಡ್‌ನ ಮಣ್ಣು ನಮಗೆ ಹೇಳುವ ಮಾತು

ಈ ವಾರ ಗೊಬ್ಬರ, ಬೀಜ, ರೋಗದ ವಿಷಯ ಬಿಟ್ಟು ಬೇರೆ ಒಂದು ಮಾತು ಹೇಳಬೇಕಾಗಿದೆ. ಕಾರಣ ನಮ್ಮ ಊರಲ್ಲೇ ಆದ ಒಂದು ಘಟನೆ.

ಹೋದ ತಿಂಗಳು ಬೆಳಿಗ್ಗೆ ನಮ್ಮ ದೊಡ್ಡಪ್ಪನ ಮಗ, ನನಗಿಂತ ಹತ್ತು ವರ್ಷ ದೊಡ್ಡವರು, ಮನೆಗೆ ಬಂದರು. ಕಾಫಿ ಕುಡೀತಾ ಮೆಲ್ಲಗೆ ವಿಷಯ ತೆಗೆದರು. ಅವರ ಹೊಲದ ಮೂಲೆಯಲ್ಲಿ ಹಳೇ ತೆರೆದ ಬಾವಿ ಇದೆ. ನಲವತ್ತು ಅಡಿ ಆಳ, ಕಲ್ಲು ಕಟ್ಟಡ. ನೀರು ಬತ್ತಿ ಇಪ್ಪತ್ತು ವರ್ಷದ ಮೇಲಾಯಿತು. ಯಾರೋ ಟ್ಯಾಂಕರಿನವರು ಬಂದು, "ಫ್ಯಾಕ್ಟರಿ ತೊಳೆದ ನೀರು ಅಷ್ಟೇ ಯಜಮಾನ್ರೇ, ರಾತ್ರಿ ಹೊತ್ತು ಬಂದು ಬಿಟ್ಟು ಹೋಗ್ತೀವಿ, ಲೋಡಿಗೆ ಇಷ್ಟು ಅಂತ ಕೊಡ್ತೀವಿ" ಅಂದಿದ್ದಾರೆ. ಅಡ್ವಾನ್ಸೂ ಕೈಗೆ ಇಟ್ಟು ಹೋಗಿದ್ದಾರೆ.

"ನೀನು ಮಣ್ಣಿನ ವಿಷಯ ಓದಿದೋನು, ಹೇಳು ತಮ್ಮ, ಏನಾದ್ರೂ ತೊಂದರೆ ಇದೆಯಾ? ಭೂಮ್ತಾಯಿ ಎಲ್ಲಾ ಹೊಟ್ಟೆಗೆ ಹಾಕ್ಕೊಳ್ತಾಳಲ್ಲ" ಅಂದರು.

ಆ ಬಾವಿಯಿಂದ ಇಳಿಜಾರಿನ ಕಡೆ ನೂರೈವತ್ತು ಮೀಟರ್ ದೂರದಲ್ಲಿ ನನ್ನ ಬೋರ್‌ವೆಲ್ ಇದೆ. ಹಾಗಾಗಿ ನನ್ನ ಉತ್ತರದಲ್ಲಿ ಸ್ವಾರ್ಥವೂ ಇತ್ತು, ಮುಚ್ಚಿಡೋದಿಲ್ಲ. ಆದರೆ ನಾನು ಅವತ್ತು ಅಣ್ಣನಿಗೆ ಹೇಳಿದ್ದು ನಮ್ಮ ಊರಿನ ಕಥೆಯಲ್ಲ, ಅಮೆರಿಕದ ಒಂದು ಊರಿನ ಕಥೆ. ಅದನ್ನೇ ನಿಮಗೂ ಹೇಳ್ತೀನಿ.

ಮೊದಲು ಅದೂ ರೈತರ ನೆಲವೇ

ಅಮೆರಿಕದ ವಾಯುವ್ಯ ಮೂಲೆಯಲ್ಲಿ ವಾಷಿಂಗ್ಟನ್ ರಾಜ್ಯ ಇದೆ. ಅಲ್ಲಿ ಕೊಲಂಬಿಯಾ ಅನ್ನೋ ದೊಡ್ಡ ನದಿ ಹರಿಯುತ್ತೆ. ಅದರ ದಡದಲ್ಲಿ ಹ್ಯಾನ್‌ಫರ್ಡ್, ವೈಟ್ ಬ್ಲಫ್ಸ್ ಅಂತ ಎರಡು ಸಣ್ಣ ಊರುಗಳಿದ್ದವು. ಮಳೆ ತೀರಾ ಕಮ್ಮಿ, ವರ್ಷಕ್ಕೆ ಏಳು ಇಂಚು ಬಿದ್ದರೆ ಹೆಚ್ಚು. ಆದರೂ ನದಿ ನೀರು ಹಾಯಿಸಿ ಸೇಬು, ಪೀಚ್, ಚೆರ್ರಿ ತೋಟ ಮಾಡಿಕೊಂಡು ಜನ ಬದುಕಿದ್ದರು. ಅವರಿಗಿಂತ ಹಿಂದಿನಿಂದಲೂ ವಾನಪಮ್ ಎಂಬ ಮೂಲನಿವಾಸಿಗಳು ಅದೇ ನದಿಯಲ್ಲಿ ಮೀನು ಹಿಡಿದು ಬಾಳುತ್ತಿದ್ದರು.

1943ರಲ್ಲಿ ಸರ್ಕಾರದಿಂದ ನೋಟಿಸ್ ಬಂತು. ಯುದ್ಧದ ಕೆಲಸಕ್ಕೆ ಜಾಗ ಬೇಕು, ಬಿಟ್ಟು ಹೊರಡಿ ಅಂತ. ಯಾವ ಕೆಲಸ ಅಂತ ಹೇಳಲಿಲ್ಲ. ಎರಡೂ ಊರು ಖಾಲಿಯಾದವು. ಅಲ್ಲಿ ಎದ್ದದ್ದು ಪ್ಲುಟೋನಿಯಂ ತಯಾರಿಸುವ ಕಾರ್ಖಾನೆ. 1945ರ ಆಗಸ್ಟ್ 9ರಂದು ನಾಗಸಾಕಿ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಂ ಇಲ್ಲಿಂದಲೇ ಹೋದದ್ದು. ಆಮೇಲೆ ನಾಲ್ಕು ದಶಕ ಕೆಲಸ ನಡೀತು. ನದಿ ದಡದಲ್ಲಿ ಒಟ್ಟು ಒಂಬತ್ತು ರಿಯಾಕ್ಟರುಗಳಾದವು.

ಪ್ಲುಟೋನಿಯಂ ತೆಗೆಯಬೇಕಾದರೆ ಆಸಿಡ್ಡಿನಲ್ಲಿ ಕರಗಿಸಿ, ತೊಳೆದು, ಬೇರ್ಪಡಿಸಬೇಕು. ಒಂದು ಸಣ್ಣ ಉಂಡೆಗೆ ಸಾವಿರಾರು ಲೀಟರ್ ಕೊಳಕು ನೀರು ಉಳಿಯುತ್ತೆ. ತುಂಬಾ ಘಾಟು ಇರೋದನ್ನು ನೆಲದೊಳಗಿನ ಟ್ಯಾಂಕುಗಳಲ್ಲಿ ತುಂಬಿದರು. 177 ಟ್ಯಾಂಕುಗಳು. ಇವತ್ತಿಗೂ ಅದರಲ್ಲಿ ಸುಮಾರು 21 ಕೋಟಿ ಲೀಟರ್ ತ್ಯಾಜ್ಯ ಇದೆ ಅಂತ ಲೆಕ್ಕ. ಘಾಟು ಕಮ್ಮಿ ಇರೋ ನೀರನ್ನು ನೇರ ನೆಲಕ್ಕೇ ಬಿಟ್ಟರು. ಹೊಂಡ, ಕಾಲುವೆ, ಇಂಗುಗುಂಡಿ ಮಾಡಿ ಬಿಟ್ಟರು. ಎಲ್ಲಾ ಸೇರಿ 1.7 ಲಕ್ಷ ಕೋಟಿ ಲೀಟರ್! ಅದರಲ್ಲಿ ಹೆಚ್ಚಿನದು ಬರೀ ತಂಪು ಮಾಡಿದ ನೀರೇ, ಆದರೆ ವಿಷ ಬೆರೆತದ್ದೂ ಕಮ್ಮಿ ಏನಿರಲಿಲ್ಲ.

ಇದನ್ನು ಮಾಡಿದವರು ದಡ್ಡರಲ್ಲ. ಆ ಕಾಲದ ದೊಡ್ಡ ದೊಡ್ಡ ಇಂಜಿನಿಯರುಗಳು. ಅವರ ಲೆಕ್ಕ ಇಷ್ಟೇ: ಇಲ್ಲಿ ಅಂತರ್ಜಲ 200ರಿಂದ 300 ಅಡಿ ಕೆಳಗಿದೆ, ಮೇಲೆ ಒಣ ಮಣ್ಣಿನ ದಪ್ಪ ಪದರ ಇದೆ, ಮಳೆ ಇಲ್ಲ, ಮಣ್ಣೇ ಎಲ್ಲಾ ಹೀರಿ ಹಿಡ್ಕೊಳ್ಳುತ್ತೆ. ಅಂದರೆ ನಮ್ಮ ಅಣ್ಣ ಹೇಳಿದ ಮಾತೇ. ಭೂಮ್ತಾಯಿ ಹೊಟ್ಟೆಗೆ ಹಾಕ್ಕೊಳ್ತಾಳೆ.

ಮಣ್ಣು ಯಾವುದನ್ನು ಹಿಡಿಯುತ್ತೆ, ಯಾವುದನ್ನು ಬಿಡುತ್ತೆ

ಈ ಮಾತು ಪೂರ್ತಿ ಸುಳ್ಳಲ್ಲ. ಅರ್ಧ ನಿಜ. ಆ ಅರ್ಧವೇ ಅಪಾಯ.

ಇದನ್ನು ತಿಳಿಯೋಕೆ ಭೌತಶಾಸ್ತ್ರ ಓದಬೇಕಿಲ್ಲ, ಗೊಬ್ಬರ ಹಾಕಿ ಗೊತ್ತಿದ್ದರೆ ಸಾಕು. ಯೂರಿಯಾ ಹಾಕಿದ ಮೇಲೆ ಜೋರು ಮಳೆ ಬಂದರೆ ಏನಾಗುತ್ತೆ? ಸಾರಜನಕ ನೈಟ್ರೇಟ್ ಆಗಿ ನೀರಿನ ಜೊತೆ ಬೇರಿನ ಕೆಳಗೆ ಇಳಿದು ಹೋಗುತ್ತೆ. ಪೊಟ್ಯಾಷ್ ಹಾಗಲ್ಲ, ಜೇಡಿ ಇರೋ ಮಣ್ಣಲ್ಲಿ ಹಾಕಿದ ಜಾಗದ ಹತ್ತಿರವೇ ಇರುತ್ತೆ. ಕಾರಣ, ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುತ್ ಇರುತ್ತೆ. ಪೊಟ್ಯಾಷ್, ಸುಣ್ಣ ಇವು ಧನ ವಿದ್ಯುತ್ತಿನವು, ಅಂಟಿಕೊಳ್ಳುತ್ತವೆ. ನೈಟ್ರೇಟ್ ಋಣ ವಿದ್ಯುತ್ತಿನದು, ಅದಕ್ಕೆ ಅಂಟೋಕೆ ಜಾಗ ಇಲ್ಲ.

ವಿಕಿರಣ ವಸ್ತುಗಳೂ ಇದೇ ಕಾನೂನಿಗೆ ಒಳಪಟ್ಟವು. ಮಣ್ಣಿಗೆ ವಿಕಿರಣ ಕಾಣೋದಿಲ್ಲ, ಅದರ ರಾಸಾಯನಿಕ ಗುಣ ಮಾತ್ರ ಕಾಣುತ್ತೆ.

ಸೀಸಿಯಂ-137 ಅನ್ನೋದು ಪೊಟ್ಯಾಷಿನ ಅಣ್ಣತಮ್ಮ. ಜೇಡಿಯ ಪದರದ ಅಂಚಿನಲ್ಲಿ ಸಿಕ್ಕಿಕೊಂಡು ಕೂತುಬಿಡುತ್ತೆ. ಜಪಾನಿನ ಫುಕುಶಿಮಾದಲ್ಲಿ 2011ರಲ್ಲಿ ದುರಂತ ಆದಾಗ ಇದೇ ಸೀಸಿಯಂ ಗದ್ದೆಗಳ ಮೇಲೆ ಬಿತ್ತು. ಹೆಚ್ಚಿನ ಪಾಲು ಮೇಲಿನ 5 ಸೆಂಟಿಮೀಟರಿನಲ್ಲೇ ಉಳೀತು. ಅದಕ್ಕೇ ಅಲ್ಲಿ ಮೇಲ್ಮಣ್ಣು ಕೆತ್ತಿ ತೆಗೆದರು, ಭತ್ತ ಸೀಸಿಯಂ ಎಳ್ಕೊಳ್ಳದೇ ಇರಲಿ ಅಂತ ಪೊಟ್ಯಾಷ್ ಹೆಚ್ಚು ಹಾಕಿಸಿದರು.

ಸ್ಟ್ರಾಂಷಿಯಂ-90 ಕ್ಯಾಲ್ಸಿಯಂನಂಥದ್ದು. ಮಣ್ಣಿಗೆ ಅಂಟುತ್ತೆ, ಆದರೆ ಸೀಸಿಯಂನಷ್ಟು ಬಿಗಿಯಾಗಲ್ಲ. ಮೆಲ್ಲಗೆ ಜಾರುತ್ತೆ. ದೇಹಕ್ಕೆ ಸೇರಿದರೆ ಎಲುಬಿಗೆ ಹೋಗಿ ಕೂರುತ್ತೆ.

ಟೆಕ್ನೀಷಿಯಂ-99 ನೈಟ್ರೇಟಿನ ಹಾಗೆ. ನೀರು ಎಲ್ಲಿ ಹೋಗುತ್ತೋ ಅಲ್ಲಿ ಹೋಗುತ್ತೆ. ಅಯೋಡಿನ್-129 ಕೂಡ ಹೆಚ್ಚುಕಮ್ಮಿ ಹಾಗೇ. ಟ್ರಿಟಿಯಂ ಅಂತೂ ನೀರಿನ ಒಳಗೇ ಸೇರಿಕೊಂಡಿರುತ್ತೆ, ಅದನ್ನು ಯಾವ ಮಣ್ಣೂ ಸೋಸಲಾರದು.

ಯುರೇನಿಯಂ ಎರಡು ತಲೆ ಹಾವು. ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿದ್ದರೆ ಅದರ ಜೊತೆ ಸೇರಿ ಓಡುತ್ತೆ, ಇಲ್ಲದಿದ್ದರೆ ನಿಲ್ಲುತ್ತೆ.

ಇವುಗಳ ಆಯುಷ್ಯವನ್ನೂ ನೋಡಿ. ಸೀಸಿಯಂ, ಸ್ಟ್ರಾಂಷಿಯಂ ಸುಮಾರು 30 ವರ್ಷಕ್ಕೆ ಅರ್ಧ ಆಗುತ್ತವೆ. 300 ವರ್ಷ ಕಾದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತೆ. ಟೆಕ್ನೀಷಿಯಂ ಅರ್ಧ ಆಗೋಕೆ 2 ಲಕ್ಷ ವರ್ಷಕ್ಕಿಂತ ಹೆಚ್ಚು ಬೇಕು. ಅಯೋಡಿನ್-129ಕ್ಕೆ 1.5 ಕೋಟಿ ವರ್ಷದ ಮೇಲೆ. ಅಂದರೆ ಮಣ್ಣು ಹಿಡಿದಿಟ್ಟುಕೊಳ್ಳೋದು ಬೇಗ ಸಾಯುವಂಥದ್ದನ್ನು. ಸಾಯದೇ ಇರುವಂಥದ್ದನ್ನು ಕೈ ಬಿಡುತ್ತೆ. ಇಂಜಿನಿಯರುಗಳ ಲೆಕ್ಕ ಇಲ್ಲೇ ಮೊದಲು ಎಡವಿತು.

ಲೆಕ್ಕ ತಪ್ಪಿದ್ದು ಎಲ್ಲೆಲ್ಲಿ

ಎರಡನೇ ತಪ್ಪು, ಮಳೆ ಇಲ್ಲ ಅಂದುಕೊಂಡದ್ದು. ಮಳೆ ಇಲ್ಲದಿದ್ದರೇನು, ಅವರೇ ಹೊಳೆಯಷ್ಟು ನೀರು ಬಿಟ್ಟರಲ್ಲ! ಆ ನೀರಿನ ಭಾರಕ್ಕೆ ಕೆಲವು ಕಡೆ ಅಂತರ್ಜಲವೇ ಹತ್ತಾರು ಅಡಿ ಮೇಲೆ ಉಬ್ಬಿತು. ಉಬ್ಬಿದ ನೀರು ಇಳಿಜಾರು ಹುಡುಕಿ ನದಿ ಕಡೆ ನಡೀತು. ಟ್ರಿಟಿಯಂ ನದಿ ತನಕ ಹೋಗಿ ಮುಟ್ಟಿತು.

ಮೂರನೇದು, ತ್ಯಾಜ್ಯದಲ್ಲಿ ಒಂದೇ ವಸ್ತು ಇರಲಿಲ್ಲ. ಟ್ಯಾಂಕಿನ ದ್ರವದಲ್ಲಿ ಸೋಡಿಯಂ ವಿಪರೀತ. ಚೌಳು ಮಣ್ಣಿಗೆ ನಾವು ಜಿಪ್ಸಂ ಯಾಕೆ ಹಾಕ್ತೀವಿ? ಕ್ಯಾಲ್ಸಿಯಂ ಹೋಗಿ ಸೋಡಿಯಂ ಅನ್ನು ಮಣ್ಣಿನ ಕಣದಿಂದ ತಳ್ಳಲಿ ಅಂತ. ಇಲ್ಲಿ ಅದರ ಉಲ್ಟಾ ಆಯಿತು. ಸೋಡಿಯಂ ಗುಂಪಾಗಿ ಬಂದು ಜೇಡಿಯ ಮೇಲಿನ ಜಾಗ ಆಕ್ರಮಿಸಿತು. ಅಲುಗೋದೇ ಇಲ್ಲ ಅಂದುಕೊಂಡಿದ್ದ ಸೀಸಿಯಂ, ಕೆಲವು ಟ್ಯಾಂಕುಗಳ ಕೆಳಗೆ ನಿರೀಕ್ಷೆಗಿಂತ ಆಳಕ್ಕೆ ಇಳಿದಿತ್ತು. ಪ್ರಯೋಗಶಾಲೆಯಲ್ಲಿ ಒಂದೊಂದೇ ವಸ್ತು ಹಾಕಿ ನೋಡಿದ್ದು ಬೇರೆ, ಹೊಲದಲ್ಲಿ ಎಲ್ಲಾ ಬೆರೆತು ಬಂದದ್ದೇ ಬೇರೆ.

ನಾಲ್ಕನೇದು, ಟ್ಯಾಂಕು ಸೋರಲ್ಲ ಅನ್ನೋ ನಂಬಿಕೆ. ಹಳೇ ಒಂಟಿ ಗೋಡೆಯ 149 ಟ್ಯಾಂಕುಗಳಲ್ಲಿ 67 ಸೋರಿರಬಹುದು ಅಂತ ಅಲ್ಲಿನ ಸರ್ಕಾರವೇ ಲೆಕ್ಕ ಹಾಕಿದೆ. 1973ರಲ್ಲಿ ಒಂದೇ ಟ್ಯಾಂಕಿನಿಂದ 4 ಲಕ್ಷ ಲೀಟರಿಗಿಂತ ಹೆಚ್ಚು ಸೋರಿತು. ವಾರಗಟ್ಟಲೆ ಸೋರಿದರೂ ಯಾರಿಗೂ ಗೊತ್ತಾಗಲಿಲ್ಲ.

ಇನ್ನು ಅಣ್ಣನಿಗೆ ನಾನು ಒತ್ತಿ ಹೇಳಿದ್ದು ಐದನೇದು. 1945ರಲ್ಲಿ ಅವರು ಒಂದು ಆಳವಾದ ಬಾವಿ ಕೊರೆದು, ತ್ಯಾಜ್ಯವನ್ನು ಮೇಲಿನಿಂದ ಕೆಳಕ್ಕೆ ಬಿಡುತ್ತಿದ್ದರು. ಅದಕ್ಕೆ 'ರಿವರ್ಸ್ ವೆಲ್' ಅಂತ ಹೆಸರು. ನೀರು ಎತ್ತುವ ಬಾವಿಯಲ್ಲ, ನೀರು ಬಿಡುವ ಬಾವಿ. ಅದು ಸುಮಾರು 300 ಅಡಿ ಆಳಕ್ಕೆ, ಅಂತರ್ಜಲದ ತನಕವೇ ಹೋಗಿತ್ತು. ಮೇಲಿನ ಮಣ್ಣಿನ ಅಷ್ಟೂ ಪದರ ಸೋಸುವ ಕೆಲಸ ಮಾಡಬೇಕಿತ್ತು, ಅದನ್ನೇ ದಾಟಿಸಿ ಕೆಳಗೆ ಬಿಟ್ಟರು. 1947ರಲ್ಲಿ ಅದನ್ನು ನಿಲ್ಲಿಸಿದರು. ಗುಟ್ಟಾಗಿ ಬಾಂಬ್ ಮಾಡುತ್ತಿದ್ದವರಿಗೂ ಎರಡೇ ವರ್ಷದಲ್ಲಿ ಇದು ತಪ್ಪು ಅಂತ ಅರ್ಥ ಆಯಿತು.

"ನಿನ್ನ ಒಣಬಾವಿ ಅದೇ ಅಲ್ವಾ ಅಣ್ಣ?" ಅಂದೆ. "ನಲವತ್ತು ಅಡಿ ಮಣ್ಣನ್ನು ನಮ್ಮ ತಾತ ಆಗಲೇ ಅಗೆದು ತೆಗೆದಿದ್ದಾರೆ. ಸೋಸೋಕೆ ಇನ್ನೇನು ಉಳಿದಿದೆ? ಕೆಳಗೆ ಬರೀ ಬಂಡೆ ಬಿರುಕು."

ಒಮ್ಮೆ ಇಳಿದರೆ ಮೇಲೆತ್ತೋದು ಎಷ್ಟು ಕಷ್ಟ

ಕೆಲವರು ಹೇಳ್ತಾರೆ, ತಪ್ಪಾದರೆ ಸರಿ ಮಾಡಿದರಾಯಿತು, ಪಂಪ್ ಹಾಕಿ ಎತ್ತಿದರಾಯಿತು ಅಂತ. ಹ್ಯಾನ್‌ಫರ್ಡ್‌ನಲ್ಲಿ 1989ರಿಂದ ಸ್ವಚ್ಛತೆಯ ಕೆಲಸ ನಡೀತಾ ಇದೆ. ದುಡ್ಡಿನ ಕೊರತೆ ಇಲ್ಲದ ದೇಶ. ಆದರೂ ಮುಗಿದಿಲ್ಲ.

ನದಿ ದಡದ ಒಂದು ರಿಯಾಕ್ಟರಿನ ಹತ್ತಿರ ಸ್ಟ್ರಾಂಷಿಯಂ ನದಿಗೆ ಜಿನುಗುತ್ತಿತ್ತು. 1995ರಿಂದ 2006ರ ತನಕ ನೀರು ಎತ್ತಿ ಸೋಸಿದರು. ಲೆಕ್ಕ ಹಾಕಿ ನೋಡಿದರೆ, ಪಂಪಿನಲ್ಲಿ ತೆಗೆದದ್ದಕ್ಕಿಂತ ಅಷ್ಟು ವರ್ಷದಲ್ಲಿ ತಾನಾಗೇ ಕ್ಷಯಿಸಿದ್ದೇ ಜಾಸ್ತಿ. ಯಾಕೆಂದರೆ ಸ್ಟ್ರಾಂಷಿಯಂ ನೀರಲ್ಲಿ ಸ್ವಲ್ಪ, ಮಣ್ಣಿಗೆ ಅಂಟಿದ್ದೇ ಹೆಚ್ಚು. ನೀರು ಎತ್ತಿದಷ್ಟೂ ಮಣ್ಣು ಇನ್ನೊಂದಿಷ್ಟು ಬಿಡುತ್ತೆ. ಕೊನೆಗೆ ಪಂಪ್ ನಿಲ್ಲಿಸಿ, ನೆಲದೊಳಗೆ ಕ್ಯಾಲ್ಸಿಯಂ, ಫಾಸ್ಫೇಟ್ ದ್ರಾವಣ ಬಿಟ್ಟು ಅಪಟೈಟ್ ಅನ್ನೋ ಖನಿಜದ ಗೋಡೆ ಕಟ್ಟಿದರು. ನಾವು ರಾಕ್ ಫಾಸ್ಫೇಟ್ ಅಂತ ಹಾಕ್ತೀವಲ್ಲ, ಅದರ ಒಳಗಿರೋ ಖನಿಜವೇ ಅದು. ಸ್ಟ್ರಾಂಷಿಯಂ ಅದರೊಳಗೆ ಕ್ಯಾಲ್ಸಿಯಂ ಜಾಗದಲ್ಲಿ ಹೋಗಿ ಸೇರುತ್ತೆ. ಒಳ್ಳೇ ಉಪಾಯ. ಆದರೆ ಅದೂ ತಡೆ ಅಷ್ಟೇ, ತೆಗೆದು ಹಾಕಿದ್ದಲ್ಲ.

ಇನ್ನೊಂದು ಕಡೆ ಯುರೇನಿಯಂ. ಕಲುಷಿತ ಮಣ್ಣು ತೆಗೆದು, ಉಳಿದದ್ದು ಹತ್ತು ವರ್ಷದೊಳಗೆ ತಾನಾಗೇ ಕಮ್ಮಿ ಆಗುತ್ತೆ ಅಂತ 1996ರಲ್ಲಿ ತೀರ್ಮಾನ ಮಾಡಿದ್ದರು. ಆಗಲಿಲ್ಲ. ಪ್ರತಿ ವರ್ಷ ಬೆಟ್ಟದ ಹಿಮ ಕರಗಿ ನದಿ ಏರಿದಾಗ ಪಕ್ಕದ ಅಂತರ್ಜಲವೂ ಏರುತ್ತೆ, ಮೇಲಿನ ಮಣ್ಣಲ್ಲಿ ಕೂತಿದ್ದ ಯುರೇನಿಯಂ ಅನ್ನು ಮತ್ತೆ ತೊಳೆದು ತರುತ್ತೆ. ಮಣ್ಣು ಹಿಡಿದಿಟ್ಟದ್ದು ಸಾಲ ಇದ್ದ ಹಾಗೆ. ನೀರು ಬಂದು ಕೇಳಿದಾಗ ವಾಪಸ್ ಕೊಡುತ್ತೆ.

ಗಿಡಗಳೂ ಸುಮ್ಮನೆ ಇರಲಿಲ್ಲ. ಅಲ್ಲಿ ಒಂದು ಮುಳ್ಳುಕಳೆ ಇದೆ, ಒಣಗಿದ ಮೇಲೆ ಬುಡ ಮುರಿದು ಗಾಳಿಗೆ ಉರುಳಿಕೊಂಡು ಹೋಗೋದು. ಅದರ ಬೇರು ಆಳಕ್ಕೆ ಹೋಗಿ ಹೂತ ತ್ಯಾಜ್ಯದಿಂದ ವಿಕಿರಣ ವಸ್ತು ಎಳೆದು ತರುತ್ತೆ. ಅದನ್ನು ಹುಡುಕಿ ಹಿಡಿಯೋಕೇ ಆಳು ಇಟ್ಟಿದ್ದಾರೆ.

ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ಮಾತ್ರ ಬೇರೆ ಒಂದು ವಿಷಯ. ಹ್ಯಾನ್‌ಫರ್ಡ್‌ನ ಸ್ವಚ್ಛತಾ ಪಟ್ಟಿಯಲ್ಲಿ ಹಳೇ ಹಣ್ಣಿನ ತೋಟಗಳ ಜಾಗವೂ ಇದೆ. ಕಾರ್ಖಾನೆ ಬರೋಕೆ ಮುಂಚೆ ಅಲ್ಲಿನ ರೈತರು ಸೇಬಿನ ಹುಳಕ್ಕೆ ಲೆಡ್ ಆರ್ಸೆನೇಟ್ ಹೊಡೆಯುತ್ತಿದ್ದರು. 1943ರಲ್ಲಿ ರೈತರು ಹೋದರು, ಮರಗಳು ಹೋದವು. ಆ ಸೀಸ, ಆರ್ಸೆನಿಕ್ ಇವತ್ತಿಗೂ ಮೇಲ್ಮಣ್ಣಲ್ಲೇ ಇದೆ. ಅದಕ್ಕೆ ಅರ್ಧಾಯುಷ್ಯ ಅನ್ನೋದೇ ಇಲ್ಲ. ವಿಕಿರಣ ವಸ್ತುವಾದರೂ ಒಂದು ದಿನ ಸಾಯುತ್ತೆ, ಸೀಸ ಸಾಯೋದಿಲ್ಲ. ತಪ್ಪು ಬರೀ ಬಾಂಬಿನವರದ್ದು ಅಂತ ನಾವು ಕೈ ತೊಳ್ಕೊಳ್ಳೋ ಹಾಗಿಲ್ಲ.

"ಅದು ಅಣುಬಾಂಬು, ಇದು ತೊಳೆದ ನೀರು"

ಅಣ್ಣ ಇದನ್ನೇ ಹೇಳಿದರು. ನ್ಯಾಯವಾದ ಪ್ರಶ್ನೆ. ಟ್ಯಾಂಕರಿನಲ್ಲಿ ಬರೋದು ವಿಕಿರಣ ವಸ್ತು ಅಂತ ನಾನು ಹೇಳ್ತಾ ಇಲ್ಲ, ಅನುಮಾನವೂ ಇಲ್ಲ. ಸುಮ್ಮನೆ ಭಯ ಹುಟ್ಟಿಸೋದು ನನ್ನ ಕೆಲಸ ಅಲ್ಲ. ಹ್ಯಾನ್‌ಫರ್ಡ್‌ನ ಸುತ್ತಮುತ್ತ ಇವತ್ತಿಗೂ ಸೇಬು, ದ್ರಾಕ್ಷಿ ಬೆಳೀತಾರೆ, ಜನ ಚೆನ್ನಾಗೇ ಬದುಕಿದ್ದಾರೆ. ದೊಡ್ಡ ನದಿಯ ನೀರಲ್ಲಿ ಸೇರಿದ್ದು ತೆಳುವಾಗಿಬಿಡುತ್ತೆ.

ಆದರೆ ಎರಡು ಮಾತು. ಒಂದು, ಅಲ್ಲಿ ಏನು ಬಿಟ್ಟರು, ಎಷ್ಟು ಬಿಟ್ಟರು ಅನ್ನೋದಕ್ಕೆ ದಾಖಲೆ ಇದೆ, ಸಾವಿರಾರು ಪರೀಕ್ಷಾ ಬಾವಿಗಳಿವೆ. ಅಷ್ಟಿದ್ದೂ ಲೆಕ್ಕ ತಪ್ಪಿತು. ರಾತ್ರಿ ಬಂದು ಸುರಿದು ಹೋಗುವ ಟ್ಯಾಂಕರಿಗೆ ಏನು ದಾಖಲೆ? ಒಳ್ಳೇ ನೀರಾಗಿದ್ದರೆ ಹಗಲೇ ಬರುತ್ತಿದ್ದರು, ದುಡ್ಡು ಕೊಟ್ಟು ನಮ್ಮ ಬಾವಿಗೆ ಯಾಕೆ ಬಿಡ್ತಾರೆ? ಎರಡು, ನಮ್ಮಲ್ಲಿ ಕೊಲಂಬಿಯಾ ನದಿ ಇಲ್ಲ. ಬಂಡೆ ಬಿರುಕಿನಲ್ಲಿ ಇರೋ ಅಷ್ಟಿಷ್ಟು ನೀರನ್ನೇ ನಾವೂ ಕುಡಿಯೋದು, ದನಕ್ಕೂ ಕುಡಿಸೋದು, ತೋಟಕ್ಕೂ ಹಾಯಿಸೋದು. ಕ್ರೋಮಿಯಂ ಆಗಲಿ, ನೈಟ್ರೇಟ್ ಆಗಲಿ, ಅದೇ ಕಾನೂನು: ಅಂಟೋದು ಅಂಟುತ್ತೆ, ಓಡೋದು ಓಡುತ್ತೆ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೆಲವು ಬೋರ್‌ವೆಲ್‌ಗಳಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮಿತಿ ದಾಟಿರೋದು ಕಂಡುಬಂದಿದೆ. ಅದು ಯಾರೂ ಸುರಿದದ್ದಲ್ಲ, ನಮ್ಮ ಗ್ರಾನೈಟ್ ಬಂಡೆಯಲ್ಲೇ ಇರೋದು, ನೀರಿನ ಬೈಕಾರ್ಬೊನೇಟ್ ಜೊತೆ ಕರಗಿ ಬರೋದು. ಬಂಡೆಯಿಂದಲೇ ಇಷ್ಟು ಬರುತ್ತಿರುವಾಗ, ಮೇಲಿನಿಂದಲೂ ಇನ್ನೊಂದು ವಿಷ ಸೇರಿಸಿಕೊಳ್ಳೋದು ಯಾವ ಬುದ್ಧಿವಂತಿಕೆ?

ನಾನು ಕೇಳಿಕೊಳ್ಳೋದು

ಒಣಬಾವಿ, ಫೇಲಾದ ಬೋರ್‌ವೆಲ್ ಇವು ಅಂತರ್ಜಲಕ್ಕೆ ತೆರೆದ ಬಾಗಿಲು. ಅದಕ್ಕೆ ಕಸ, ಔಷಧಿ ಡಬ್ಬ, ಸತ್ತ ಕೋಳಿ, ಕಾರ್ಖಾನೆ ನೀರು ಯಾವುದನ್ನೂ ಹಾಕಬೇಡಿ. ಫೇಲಾದ ಬೋರ್‌ವೆಲ್ ಬಾಯಿಗೆ ಗಟ್ಟಿಯಾಗಿ ಮುಚ್ಚಳ ಹಾಕಿ.

ಮಳೆನೀರು ಇಂಗಿಸೋದು ಒಳ್ಳೇದೇ. ಆದರೆ ಔಷಧಿ ಹೊಡೆದ ಹೊಲದ ನೀರನ್ನು, ರಸ್ತೆ ನೀರನ್ನು ನೇರ ಬೋರ್‌ವೆಲ್ ಕೇಸಿಂಗಿಗೆ ಬಿಡಬೇಡಿ. ಜಲ್ಲಿ, ಮರಳಿನ ಫಿಲ್ಟರ್ ಕೆಸರನ್ನು ತಡೆಯುತ್ತೆ, ನೀರಲ್ಲಿ ಕರಗಿದ್ದನ್ನು ತಡೆಯಲ್ಲ.

ಕುಡಿಯುವ ಬೋರ್‌ವೆಲ್ ನೀರನ್ನು ವರ್ಷಕ್ಕೆ ಒಮ್ಮೆಯಾದರೂ ಪರೀಕ್ಷೆ ಮಾಡಿಸಿ, ರಿಪೋರ್ಟ್ ಜೋಪಾನವಾಗಿ ಇಡಿ. ನಾಳೆ ನೀರು ಕೆಟ್ಟಾಗ, ಮುಂಚೆ ಚೆನ್ನಾಗಿತ್ತು ಅಂತ ತೋರಿಸೋಕೆ ಅದೇ ಸಾಕ್ಷಿ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ಯುರೇನಿಯಂ, ಫ್ಲೋರೈಡ್, ನೈಟ್ರೇಟ್ ಹೋಗಲ್ಲ ಅನ್ನೋದು ನೆನಪಿರಲಿ.

ಟ್ಯಾಂಕರಿನವರು ಬಂದರೆ ಗಾಡಿ ನಂಬರ್ ಬರೆದುಕೊಳ್ಳಿ. ಪಂಚಾಯಿತಿಗೂ, ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತವಾಗಿ ಕೊಡಿ. ಬಾವಿಗೆ ವಿಷದ ನೀರು ಬಿಡೋದು 1974ರ ಜಲ ಕಾಯ್ದೆ ಪ್ರಕಾರ ನಿಷಿದ್ಧ. ಬಾವಿ ನಮ್ಮ ಸ್ವಂತದ್ದು ಅನ್ನೋ ಮಾತು ಅಲ್ಲಿ ನಡೆಯಲ್ಲ.

ಅಣ್ಣ ಎಲ್ಲಾ ಕೇಳಿಕೊಂಡು ಸುಮ್ಮನೆ ಎದ್ದು ಹೋದರು. ಕೋಪ ಬಂತೇನೋ ಅಂದ್ಕೊಂಡೆ. ಮೂರು ದಿನ ಬಿಟ್ಟು ಫೋನ್ ಮಾಡಿ, "ಅಡ್ವಾನ್ಸ್ ವಾಪಸ್ ಕೊಟ್ಟೆ ಕಣೋ" ಅಂದರು. ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು, ಆ ದುಡ್ಡಿಗೆ ಒಪ್ಪಿದ್ದರು ಅಂತ ಆಮೇಲೆ ಅತ್ತಿಗೆ ಹೇಳಿದರು. ಫೀಸಿಗೆ ಮನೆಯವರೆಲ್ಲಾ ಸೇರಿ ಏನೋ ಹೊಂದಿಸಿದ್ದೀವಿ. ಇಂಥ ಟ್ಯಾಂಕರಿನವರು ಯಾವಾಗಲೂ ಕೈ ಬಿಗಿ ಇರೋರ ಮನೆ ಬಾಗಿಲನ್ನೇ ಹುಡುಕಿ ಬರ್ತಾರೆ, ಅದನ್ನೂ ನಾವು ಯೋಚಿಸಬೇಕು. ಬರೀ ಬುದ್ಧಿ ಹೇಳಿದರೆ ಸಾಲದು.

ಈಗ ಅದೇ ಟ್ಯಾಂಕರ್ ಪಕ್ಕದ ಊರಿನ ಕಡೆ ಓಡಾಡ್ತಾ ಇದೆ ಅಂತ ಸುದ್ದಿ. ಅದು ನಮಗೆ ಮೇಲ್ಗಡೆಯ ಊರು. ಪಹಣಿ, ಸರ್ವೆ ನಂಬರ್, ಊರಿನ ಗಡಿ ಇವೆಲ್ಲಾ ಮೇಲೆ ನಡೆಯೋ ನಮಗೆ ಮಾತ್ರ. ಕೆಳಗೆ ಹರಿಯೋ ನೀರಿಗೆ ಅದು ಯಾವುದೂ ಗೊತ್ತಿಲ್ಲ. ಈ ಭಾನುವಾರ ಅಣ್ಣನೂ ನಾನೂ ಆ ಊರಿಗೆ ಹೋಗ್ತಾ ಇದ್ದೀವಿ. ಈ ಸಲ ಮಾತಾಡೋದು ಅವರೇ ಅಂತೆ.